ಕಣ್ತೆರೆದು ಕೇಳಿದ ಗಜೇಂದ್ರಮೋಕ್ಷ

"ಅಲ್ಲೆ ಕೂತು ನಾ ಏನ್ ಕೇಳ್ಲಿ?" ಎಂದು ಬಸ್ಸಿನುದ್ದಕ್ಕೂ ಗೊಣಗಿದ ಗುರುರಾಜಾಚಾರ್ಯರು ಶಿಗ್ಗಾವಿಯ ಸಭಾಭವನದ ಬಾಗಿಲಲ್ಲಿ ತೆಪ್ಪಗಾದರು. ಕಿವುಡರ ಸಪ್ತಾಹದ ಕೊನೆಯ ದಿನ. ಹಾನಗಲ್, ಹಿರೇಕೆರೂರಿನಿಂದೆಲ್ಲ ಬಂದವರು ಕೈಯಲ್ಲೇ ಹರಟುತ್ತಿದ್ದರು. ಈ ಗೋಡೆಯಿಂದ ಆ ಗೋಡೆಗೆ, ನಡುವೆ ಕೂತವರ ತಲೆಯ ಮೇಲಿಂದ, ಮಾತು ಸಲೀಸಾಗಿ ಹೋಗಿಬರುತ್ತಿತ್ತು. ನಡುನಡುವೆ ಕುರ್ಚಿ ಎಳೆದ ಸದ್ದು, ಹೊಟ್ಟೆ ತುಂಬ ನಕ್ಕ ನಗು. ಆಚಾರ್ಯರಿಗೆ ಬೇರೆ ದೇಶಕ್ಕೇ ಬಂದಂತಾಯಿತು.

"ಸುಮ್ನ ಕೂಡ್ರಿ. ಮೊಮ್ಮಗಳು ಕರದಾಳ" ಎಂದರು ಹೆಂಡತಿ ಪದ್ಮಾಬಾಯಿ.

ಸವಣೂರಿನಲ್ಲಿ ಆಚಾರ್ಯರ ಪುರಾಣವೆಂದರೆ ಓಣಿಗೆ ಓಣಿಯೇ ಸೇರುತ್ತಿತ್ತು. ಅಜ್ಜ, ಅಪ್ಪ, ತಾವು, ಎಲ್ಲರೂ ನಾಲಿಗೆಯನ್ನೇ ನಂಬಿ ಬಾಳಿದವರು. ಆ ಮನೆಗೆ ಒಬ್ಬಳೇ ಮೊಮ್ಮಗಳು ಸ್ಪಂದನಾ, ಹುಟ್ಟಿನಿಂದ ಕಿವಿ ಕೇಳದವಳು. ಮನೆಯ ಪುರಾಣ ತಮ್ಮೊಂದಿಗೇ ಮುಗಿಯಿತು ಎಂಬ ಸಂಕಟ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಈಗ ಅವಳು ಕತೆ ಹೇಳುತ್ತಾಳಂತೆ, ಇಷ್ಟು ಜನರ ಮುಂದೆ! ಜನ ನಕ್ಕುಬಿಟ್ಟರೆ?

ಸಭೆಗೆ ಸೂಚನೆಯಾಗಿ ದೀಪಗಳು ಆರಿ ಹತ್ತಿದವು. ಸ್ಪಂದನಾ ವೇದಿಕೆಗೆ ಬಂದೊಡನೆ ಎಲ್ಲರೂ ಎರಡೂ ಕೈ ಮೇಲೆತ್ತಿ ಅಲುಗಾಡಿಸಿದರು. ಅದೇ ಅವರ ಚಪ್ಪಾಳೆ. ಅವಳು ಬಲಗೈಯನ್ನು ಸೊಂಡಿಲು ಮಾಡಿಕೊಂಡು ಇಲ್ಲದ ಕೆರೆಗೆ ಇಳಿದಳು. ನೀರು ಚಿಮ್ಮಿತು, ತಾವರೆ ಅರಳಿತು. ಎಡಗೈ ನೀರಡಿಯಿಂದ ಮೊಸಳೆಯಾಗಿ ಬಂದು ಆನೆಯ ಕಾಲು ಹಿಡಿಯಿತು.

ಗಜೇಂದ್ರಮೋಕ್ಷ! ಆಚಾರ್ಯರ ಮೈ ಜುಮ್ಮೆಂದಿತು. ಕೈ ಮುಗಿದು ಭಕ್ತಿಯಿಂದ ಕಣ್ಣು ಮುಚ್ಚಿದರು. ಚಿಕ್ಕಂದಿನಿಂದ ಹರಿಕಥೆ ಕೇಳಿದ್ದೇ ಹಾಗೆ.

ಯಾರೋ ಮೊಣಕಾಲು ತಟ್ಟಿದರು. ಪಕ್ಕದಲ್ಲಿ ಕೂತಿದ್ದ ಸ್ಪಂದನಾಳ ಗೆಳೆಯ, ಬಂಕಾಪುರದ ಜಾವೇದ. ಅವನಿಗೂ ಕಿವಿ ಕೇಳದು. ಮುಖ ಗಂಟಿಕ್ಕಿಕೊಂಡು ಅವರ ಕಣ್ಣಿನತ್ತ ಬೆರಳು ಮಾಡಿದ.

"ಅಯ್ಯ, ಕಣ್ಣು ತಗೀರಿ" ಪದ್ಮಾಬಾಯಿ ಪಿಸುಗುಟ್ಟಿದರು. "ಇಲ್ಲೆ ಕಣ್ಣು ಮುಚ್ಚೂದಂದ್ರ ಕಿವ್ಯಾಗ ಬೆರಳ ಇಟ್ಗೊಂಡಂಗ. ನಿಮ್ಮ ಪುರಾಣದಾಗ ಯಾರರ ಹಂಗ ಮಾಡಿದ್ರ ಬಿಡ್ತಿದ್ರೇನು?"

ಆಚಾರ್ಯರು ನಾಚಿ ಕಣ್ಣು ತೆರೆದರು.

ಆನೆಯ ಬಲ ಕುಂದಿತ್ತು. ಇನ್ನೇನು ದೇವರನ್ನು ಕೂಗಬೇಕು, ಅಷ್ಟರಲ್ಲಿ ಸ್ಪಂದನಾ ನಿಂತುಬಿಟ್ಟಳು. ಕನ್ನಡಕ ತೆಗೆದಳು. ದುಪಟ್ಟಾದ ಅಂಚಿನಿಂದ ನಿಧಾನವಾಗಿ ಒರೆಸಿದಳು. ಸಭೆ ಉಸಿರು ಬಿಗಿಹಿಡಿದು ಕಾಯಿತು.

ಆಚಾರ್ಯರ ಕೈ ತಂತಾನೇ ತಮ್ಮ ಕನ್ನಡಕಕ್ಕೆ ಹೋಯಿತು. ಕೂಗಿಗೆ ಮುನ್ನ ಹೀಗೆ ಕನ್ನಡಕ ಒರೆಸುತ್ತ ಜನರನ್ನು ಕಾಯಿಸುವುದು ಅವರದೇ ರೂಢಿ, ಯಾರಿಗೂ ಕಲಿಸಿದ್ದಲ್ಲ. ಪುರಾಣದ ಮುಂದಿನ ಸಾಲಿನಲ್ಲಿ ಪಿಳಿಪಿಳಿ ನೋಡುತ್ತ ಕೂರುತ್ತಿದ್ದ ಕೂಸಿಗೆ ಏನು ತಿಳಿದೀತೆಂದು ಅವರೆಷ್ಟು ಮರುಗಿದ್ದರು! ಕೂಸು ಒಂದನ್ನೂ ಬಿಟ್ಟಿರಲಿಲ್ಲ.

ಕನ್ನಡಕ ಏರಿಸಿ ಸ್ಪಂದನಾ ಸೊಂಡಿಲೆತ್ತಿದಳು. ಅವಳ ಕುತ್ತಿಗೆ, ಭುಜ, ಹಿಮ್ಮಡಿ ಎಲ್ಲವೂ ಕೂಗಿದವು. ಅಂಥ ಕೂಗನ್ನು ತಾವು ಒಮ್ಮೆಯೂ ಕೂಗಿಲ್ಲ ಅನ್ನಿಸಿತು ಆಚಾರ್ಯರಿಗೆ.

"ಮುಗದಿಲ್ಲಲ್ಲ, ಪದ್ಮಾ" ಎಂದರು. "ನಮ್ಮನಿ ಪುರಾಣ ಮುಗದಿಲ್ಲ."

ಕಣ್ಣೀರು ಇಳಿದು ಮೀಸೆ ತೊಯ್ದಿತು. ಪದ್ಮಾಬಾಯಿ ಒರೆಸಲೆಂದು ಸೆರಗು ಚಾಚಿದರು. ಆಚಾರ್ಯರು ಕಣ್ಣಿಗೆ ಅಡ್ಡ ಬಂದ ಸೆರಗನ್ನು ಸರಿಸಿದರು. ವೇದಿಕೆಯ ಮೇಲೆ, ಎತ್ತಿದ ಬೆರಳ ತುದಿಯಲ್ಲಿ, ಚಕ್ರ ತಿರುಗುತ್ತ ಇಳಿಯುತ್ತಿತ್ತು.