ಭಾನುವಾರದ ಪಾಲು

ಭಾಗ್ಯಮ್ಮ ಬೋಗಾದಿಯಿಂದ ಜಟಕಾದಲ್ಲಿ ಬಂದಿಳಿದು, ಬಾಗಿಲಲ್ಲಿ ನೆರೆದಿದ್ದ ಜನರ ನಡುವೆ ದಾರಿ ಮಾಡಿಕೊಂಡು ಗಂಡನ ಹೆಣದ ತಲೆಯ ಹತ್ತಿರ ಕೂರಲು ಹೋದಾಗ ಮೊದಲ ಹೆಂಡತಿ ಪುಟ್ಟತಾಯಮ್ಮ ಜರುಗಲಿಲ್ಲ. ಜರುಗದಿದ್ದದ್ದು ಹಾಗಿರಲಿ, ಮಂಡಿಯನ್ನು ಇನ್ನಷ್ಟು ಅಗಲ ಮಾಡಿ ಕೂತಳು. ಬಂದವಳು ಒಂದು ಗಳಿಗೆ ನಿಂತು ನೋಡಿ, ಕಾಲ ಬಳಿ ಹೋಗಿ ಕುಸಿದು, ಎರಡೂ ಪಾದ ಅಪ್ಪಿಕೊಂಡು ಗೋಳೋ ಎಂದು ಅತ್ತಳು. ಕುಂಬಾರಕೊಪ್ಪಲಿನ ಹೆಂಗಸರೆಲ್ಲ ಅತ್ತ ತಿರುಗಿ ಲೊಚಗುಟ್ಟಿದರು. ಬೆಳಗಿನಿಂದ ತನ್ನ ಕಡೆಗಿದ್ದ ಕನಿಕರ ಹೀಗೆ ಒಂದೇ ಅಳುವಿಗೆ ಆ ಕಡೆ ಹೊರಟುಹೋದದ್ದು ಕಂಡು ಪುಟ್ಟತಾಯಮ್ಮನಿಗೆ ಹೊಟ್ಟೆ ಉರಿಯಿತು.

ಆದರೂ ಅವಳಿಗೊಂದು ಸಮಾಧಾನವಿತ್ತು. ಅವನು ಸತ್ತದ್ದು ಅವಳ ಮನೆಯಲ್ಲಿ, ಅವಳ ಪಾಲಿನ ದಿನ.

ಚೆಲುವರಾಜು ರೈಲ್ವೆ ವರ್ಕ್‌ಷಾಪಿನಲ್ಲಿ ಫಿಟ್ಟರು. ನಿನ್ನೆ ಮಂಗಳವಾರ ಸಂಜೆ ಕೆಲಸದಿಂದ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿ, ಎದೆ ಯಾಕೋ ಹಿಡಿದಂತಾಗುತ್ತದೆ ಎಂದು ಜಗಲಿಯ ಮೇಲೆ ಕೂತವನು, ಅವಳು ಒಳಗಿನಿಂದ ನೀರು ತರುವಷ್ಟರಲ್ಲಿ ಇರಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ ಈ ಮನೆ. ಗುರುವಾರ, ಶುಕ್ರವಾರ, ಶನಿವಾರ ಬೋಗಾದಿಯ ಮನೆ. ಎರಡು ದಿನ ತಡವಾಗಿದ್ದರೆ ಈ ಜನ, ಈ ಹೂವು, ಈ ಲೊಚಗುಟ್ಟುವಿಕೆ ಎಲ್ಲ ಬೋಗಾದಿಯ ಪಾಲಾಗುತ್ತಿತ್ತು. ಜಟಕಾ ಹತ್ತಿಕೊಂಡು ಹೋಗಿ ಕಾಲ ಬಳಿ ಕೂರುವ ಸರದಿ ತನ್ನದಾಗುತ್ತಿತ್ತು. ಗಂಡನ ಹೆಣದ ಮುಂದೆ ಇಂಥ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

* * *

ವಾರವನ್ನು ಪಾಲು ಮಾಡಿದವಳು ಈಗ ತೀರಿಕೊಂಡಿರುವ ಅತ್ತೆ ತಿಮ್ಮಮ್ಮ. ಮದುವೆಯಾಗಿ ಏಳೆಂಟು ವರ್ಷವಾದರೂ ಪುಟ್ಟತಾಯಮ್ಮನಿಗೆ ಮಕ್ಕಳಾಗಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ ತಿಮ್ಮಮ್ಮ ಬೋಗಾದಿಯ ಹುಡುಗಿಯನ್ನು ಗೊತ್ತು ಮಾಡಿ, ಮಗನಿಗೆ ಇನ್ನೊಂದು ಧಾರೆ ಎರೆಸಿಯೇಬಿಟ್ಟಳು. ಚೆಲುವರಾಜು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವನು ಯಾವತ್ತೂ ಹಾಗೇ. ಒಂದೇ ಮನೆಯಲ್ಲಿ ಎರಡು ಒಲೆ ಉರಿಯುವುದು ಬೇಡವೆಂದು ಹೊಸಬಳನ್ನು ಬೋಗಾದಿಯಲ್ಲೇ ಇರಿಸಿ, ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ ಎಂದು ಮುದುಕಿ ತೀರ್ಮಾನ ಹೇಳಿದಳು. ಭಾನುವಾರವನ್ನು ಮಾತ್ರ ಯಾರ ಮಡಿಲಿಗೂ ಹಾಕಲಿಲ್ಲ. ಅದು ಅವನ ಇಷ್ಟ ಎಂದಳು.

ಪುಟ್ಟತಾಯಮ್ಮನ ಜೀವ ತಿಂದದ್ದು ಆ ಮಾತು. ಮಿಕ್ಕ ದಿನಗಳು ಮುದುಕಿ ಹಂಚಿದ್ದು. ಅದರಲ್ಲಿ ಪ್ರೀತಿಯೇನು ಬಂತು? ಅವನ ಮನಸ್ಸು ಯಾರ ಕಡೆ ಎನ್ನುವುದಕ್ಕೆ ಇದ್ದ ಸಾಕ್ಷಿ ಭಾನುವಾರ ಒಂದೇ. ಆ ಭಾನುವಾರ ಅವನು ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಬೋಗಾದಿ ಬಿಟ್ಟು ಬರಲು ಮನಸ್ಸಾಗುವುದಿಲ್ಲ ಎಂದಲ್ಲವೇ ಅದರ ಅರ್ಥ?

ಒಂದು ಸೋಮವಾರ ಅಂಗಿ ಒಗೆಯುವಾಗ ಜೇಬಿನಲ್ಲಿ ಕೋಳಿಗರಿ ಸಿಕ್ಕಿತು. ಕೆಂಪಗೆ ಹೊಳೆಯುವ ಹುಂಜದ ಗರಿ. ಅಷ್ಟು ಸಾಕಾಯಿತು. ಭಾಗ್ಯಮ್ಮ ಭಾನುವಾರ ಹುಂಜ ಕುಯ್ದು ಗಂಡನಿಗೆ ಬಡಿಸುತ್ತಾಳೆ, ಅವನು ಅದರ ರುಚಿಗೆ ಬಿದ್ದು ಅಲ್ಲೇ ಉಳಿಯುತ್ತಾನೆ. ಅಂದಿನಿಂದ ಪುಟ್ಟತಾಯಮ್ಮನೂ ಭಾನುವಾರ ರಾತ್ರಿ ಕೋಳಿಸಾರು ಮಾಡತೊಡಗಿದಳು. ಕಾರ ಅರೆಯುವಾಗ ಬೋಗಾದಿಯವಳನ್ನೇ ಕಲ್ಲಿಗೆ ಹಾಕಿದವಳಂತೆ ಅರೆಯುತ್ತಿದ್ದಳು. ಚೆಲುವರಾಜು ಕಮಕ್ ಕಿಮಕ್ ಅನ್ನದೆ ಉಂಡು ಕೈ ತೊಳೆಯುತ್ತಿದ್ದ. ಒಮ್ಮೆ ತಡೆಯಲಾರದೆ, ಇವತ್ತು ಹಗಲು ಚೆನ್ನಾಗಿತ್ತಾ ಎಂದು ಕೊಂಕು ತೆಗೆದಿದ್ದಳು. ಅವನು ಸೂರಿನ ಕಡೆ ನೋಡುತ್ತ, "ಹ್ಞೂಂ, ಬೋ ಚೆಂದಾಗಿತ್ತು" ಅಂದಿದ್ದ. ಅವನ ಮುಖದಲ್ಲಿ ಅಂಥ ಸುಖವನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.

ಬೋಗಾದಿಯವಳಿಗೂ ಮಕ್ಕಳಾಗದಿದ್ದಾಗ ಪುಟ್ಟತಾಯಮ್ಮ ಊರವರೆದುರು ಅಯ್ಯೋ ಪಾಪ ಎಂದಳು. ಒಳಗೆ ಮಾತ್ರ ಸ್ವರ್ಗಕ್ಕೆ ಮೂರೇ ಗೇಣು.

* * *

ಹೊರಗೆ ಚೆಲುವರಾಜುವಿನ ತಮ್ಮ ನಿಂಗಯ್ಯ ಚಟ್ಟ ಕಟ್ಟಿಸುತ್ತಿದ್ದ. ಆಗ ಬಂದವರು ಸುಂದರೇಶಯ್ಯ. ವರ್ಕ್‌ಷಾಪಿನ ಆಫೀಸಿನಲ್ಲಿ ಗುಮಾಸ್ತರು. ಅಗ್ರಹಾರದ ಕಡೆಯ ಬ್ರಾಹ್ಮಣರು. ಅವರ ತಂದೆ ಅರಮನೆಯ ಚಾಕರಿಯಲ್ಲಿದ್ದವರಂತೆ. ಚೆಲುವರಾಜು ಅವರ ಹೆಸರನ್ನು ಆಗೊಮ್ಮೆ ಈಗೊಮ್ಮೆ ಎತ್ತಿದ್ದುಂಟು, ಅಷ್ಟೇ. ಅವರ ಕೈಯಲ್ಲಿ ಉದ್ದನೆಯ, ಸಣ್ಣನೆಯ ಒಂದು ಬಟ್ಟೆಚೀಲವಿತ್ತು. ಕಣ್ಣು ಕೆಂಪಾಗಿತ್ತು. ಹೊಸಿಲಾಚೆ ನಿಂತು ಹೆಣವನ್ನು ಬಹಳ ಹೊತ್ತು ನೋಡಿ, ಆಮೇಲೆ ಪುಟ್ಟತಾಯಮ್ಮನ ಕಡೆ ತಿರುಗಿದರು.

"ತಾಯಿ, ಇದು ಅವನದು. ನಮ್ಮನೆ ಅಟ್ಟದ ಮೇಲಿತ್ತು. ಅವನ ಜೊತೆಗೇ ಹೋಗಲಿ ಅಂತ ತಂದೆ."

ಏನದು ಎಂದು ನಿಂಗಯ್ಯ ಕೇಳಿದ. ಗಾಳದ ಕೋಲು ಎಂದರು. ಭಾನುವಾರ ಭಾನುವಾರ ತಾವಿಬ್ಬರೂ ಬೆಳಗೊಳದ ಹತ್ತಿರ ಹೊಳೆಗೆ ಹೋಗುತ್ತಿದ್ದುದಾಗಿಯೂ ಹೇಳಿದರು.

ಪುಟ್ಟತಾಯಮ್ಮ ತಲೆಯೆತ್ತಿದಳು. ಯಾವ ಭಾನುವಾರ ಎಂದು ಕೇಳಿದಳು.

"ಎಲ್ಲಾ ಭಾನುವಾರವೂ. ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ಬೋಗಾದಿಯಿಂದ ಸೈಕಲ್ಲಲ್ಲಿ ಬಂದುಬಿಡೋನು. ವಾಪಸ್ ಹೊರಡೋದು ಹೊತ್ತು ಇಳಿದ ಮೇಲೆ."

ಕಾಲ ಬಳಿಯ ಅಳು ತಟಕ್ಕನೆ ನಿಂತಿತು. ಭಾಗ್ಯಮ್ಮ ಪಾದಗಳನ್ನು ಬಿಟ್ಟು ನೆಟ್ಟಗೆ ಕೂತಳು.

"ಬೆಳಿಗ್ಗೇನೆ ಎದ್ದು ಓಡ್ಬರ್ತಿದ್ದುದು ಅಕ್ಕನ ಮನೆಗಲ್ವಾ?"

ಪುಟ್ಟತಾಯಮ್ಮ ಅವಳ ಮುಖವನ್ನೇ ದಿಟ್ಟಿಸಿದಳು. ಈ ಮುಖವನ್ನು ಇಷ್ಟು ಹತ್ತಿರದಿಂದ ಅವಳು ಎಂದೂ ನೋಡಿರಲಿಲ್ಲ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನಾಟಕವಾಡುವ ಮುಖವಾಗಿರಲಿಲ್ಲ ಅದು.

"ಅಂಗಾರೆ ಭಾನ್ವಾರ ಕೋಳಿ ಕುಯ್ತಿರ್ಲಿಲ್ವಾ ನೀನು?"

"ಯಾರಿಗಂತ ಕುಯ್ಲಿ ಕಣಕ್ಕ?" ಅಂದಳು ಭಾಗ್ಯಮ್ಮ.

ಸುಂದರೇಶಯ್ಯನವರಿಗೆ ತಾವೇನೋ ಎಡವಟ್ಟು ಮಾಡಿದೆವೆಂದು ಗೊತ್ತಾಯಿತು. ಹೊರಟೇಬಿಡುವ ಎಂದು ಒಂದು ಹೆಜ್ಜೆ ಹಿಂದಿಟ್ಟರು. ಪುಟ್ಟತಾಯಮ್ಮ ಬಿಡಲಿಲ್ಲ. ಎಲ್ಲವನ್ನೂ ಹೇಳಬೇಕು ಎಂದು ಪಟ್ಟು ಹಿಡಿದಳು.

* * *

ಅವರು ಹೇಳಿದ್ದು ಇಷ್ಟು. ದೇಶ ಬಿಟ್ಟು ಹೋಗುವಾಗ ವರ್ಕ್‌ಷಾಪಿನ ಇಂಗ್ಲಿಷ್ ಸಾಹೇಬ ತನ್ನ ಹಳೆಯ ಗಾಳದ ಕೋಲನ್ನು ಚೆಲುವರಾಜುವಿಗೆ ಕೊಟ್ಟುಹೋದ. ಎರೆಹುಳು ಸಿಕ್ಕಿಸಿ ದಡದಲ್ಲಿ ಕಾಯುವ ಜಾತಿಯದಲ್ಲ ಅದು. ಗರಿ ಸುತ್ತಿ ಮಾಡಿದ ನೊಣವನ್ನು ದಾರದ ತುದಿಗೆ ಕಟ್ಟಿ, ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ನೊಣವೇ ಬಂದು ಕೂತಂತೆ ನೀರಿನ ಮೇಲೆ ಇಳಿಸಬೇಕು. ಆ ಕೋಲು ಕೆಲವು ವರ್ಷಕ್ಕೆ ಸೀಳು ಬಿಟ್ಟು, ಕೀಲು ಸಡಿಲವಾಗಿ ಕೆಲಸಕ್ಕೆ ಬಾರದಾಯಿತು. ಇಬ್ಬರೂ ಸಯ್ಯಾಜಿರಾವ್ ರಸ್ತೆಯ ಅಂಗಡಿಗೆ ಹೋದರು.

ಅಲ್ಲಿ ಮೂರು ಬಗೆಯ ಕೋಲುಗಳಿದ್ದವು. ಒಂದು ಇಲ್ಲಿಯದೇ ದಪ್ಪ ಬಿದಿರಿನದು. ಬೀಸಿದರೆ ಎತ್ತು ಹೊಡೆಯುವ ಕೋಲಿನಂತಿತ್ತು. ಇನ್ನೊಂದು ಇಂಗ್ಲೆಂಡಿನಿಂದ ಬಂದ ಸೀಮೆಕೋಲು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿತ್ತು, ಅಂಗಡಿಯವನು ಅದನ್ನು ಕೈಗೇ ಕೊಡಲಿಲ್ಲ. ನಡುವಿನದು ಬಿದಿರು ಸೀಳಿ ಅಂಟಿಸಿ ಮಾಡಿದ ಎರಡು ತುಂಡಿನ ಕೋಲು, ಹಿತ್ತಾಳೆಯ ಕೀಲು, ಸೀಸೆಯ ಬಾಯಿಗೆ ಹಾಕುವಂಥ ಮೆದು ಬೂಚಿನ ಹಿಡಿ. ಚೆಲುವರಾಜು ಒಂದು ತಿಂಗಳು ಕೆಲಸ ಮುಗಿಸಿ ಅಲ್ಲಿಗೇ ಹೋದ. ಮೂರನ್ನೂ ನೋಡುವನು, ಕೈಗೆ ಸಿಕ್ಕಿದ್ದನ್ನು ರಸ್ತೆಗೆ ತಂದು ಬೀಸುವನು, ತುದಿಯನ್ನು ಸೂರಿಗೆ ಒತ್ತಿ ಬಾಗಿಸುವನು, ಕೀಲನ್ನು ಕಿವಿಯ ಹತ್ತಿರ ಹಿಡಿದು ಎಳೆದು ಅದರ ಸದ್ದು ಕೇಳುವನು. ಸೀಮೆಯದನ್ನೇ ತಗೋ, ಕಂತಿನಲ್ಲಿ ತೀರಿಸುವೆಯಂತೆ ಎಂದು ಸುಂದರೇಶಯ್ಯ ಹುರಿದುಂಬಿಸಿದರು. ಅವನು ಕೊನೆಗೆ ನಡುವಿನದನ್ನು ಎತ್ತಿಕೊಂಡ.

"ಯಾಕೋ ಅಂದೆ. ದುಬಾರಿದು ತಗೊಂಡ್ರೆ ಮನೆಗಳಿಗೆ ಗೊತ್ತಾಗ್ಬಿಡ್ತದೆ, ಅಗ್ಗದ್ದು ತಗೊಂಡ್ರೆ ನಂಗೆ ಗೊತ್ತಾಗ್ತದೆ ಸ್ವಾಮಿ ಅಂದ."

* * *

ಕೋಲು ಕೊಂಡ ವರ್ಷದ ದೀಪಾವಳಿ ಪುಟ್ಟತಾಯಮ್ಮನಿಗೆ ನೆನಪಿತ್ತು. ತನಗೆ ಬಂದ ಸೀರೆ ಸುಮಾರಿನದು. ಒಳ್ಳೆಯದನ್ನು ಬೋಗಾದಿಗೆ ಕೊಟ್ಟಿದ್ದಾನೆಂದು ಮೂರು ದಿನ ಮಾತು ಬಿಟ್ಟಿದ್ದಳು. ಈಗ ಭಾಗ್ಯಮ್ಮನನ್ನೇ ಕೇಳಿದಳು. ಅವಳಿಗೂ ಅಂಥದೇ ಸೀರೆ, ಅವಳೂ ಮಾತು ಬಿಟ್ಟಿದ್ದಳಂತೆ. ಎರಡು ಒಂದೇ ತರದ್ದು ಕಟ್ಟಿಕೊಡಿ ಎಂದು ಹೇಳಿ, ಬಿಚ್ಚಿಯೂ ನೋಡದೆ ತಂದಿರುತ್ತಾನೆ. ಸೀರೆಯ ಮಾತೇಕೆ, ತನ್ನನ್ನು ನೋಡಲು ಬಂದ ದಿನವೂ ಅವನು ನೆಲದ ಮೇಲಿನ ಕಣ್ಣು ಎತ್ತಿರಲಿಲ್ಲ. ಅಂಥವನು ಒಂದು ತಿಂಗಳು ನಿಂತು, ಬಾಗಿಸಿ, ಬೀಸಿ, ಕಿವಿಗೆ ಹಿಡಿದು ಆರಿಸಿಕೊಂಡನಂತೆ. ಅವಳಿಗೆ ಈ ಉರಿ ಹೊಸದು. ಇಷ್ಟು ವರ್ಷ ಬೋಗಾದಿಯ ಕಡೆಗೆ ಉರಿದದ್ದು ಇದರ ಮುಂದೆ ಏನೂ ಅಲ್ಲವೆನಿಸಿತು.

ಸುಂದರೇಶಯ್ಯ ಒಂದು ತಗಡಿನ ಡಬ್ಬಿಯನ್ನೂ ತೆಗೆದು ಕೆಳಗಿಟ್ಟರು. ಒಳಗೆ ಗರಿಯ ನೊಣಗಳಿದ್ದವು. ಭಾಗ್ಯಮ್ಮ ಒಂದನ್ನು ಬೆರಳಲ್ಲಿ ಹಿಡಿದು ನೋಡಿ, ಇದು ನಮ್ಮ ಕೆಂಪು ಹುಂಜದ ಕತ್ತಿನ ಗರಿ ಎಂದಳು. ಬೆಕ್ಕು ಕಿತ್ತಿತೆಂದು ಅವಳು ಪಕ್ಕದ ಮನೆಯವರ ಜೊತೆ ಜಗಳ ಆಡಿದ್ದಳಂತೆ.

ಮೀನು ಏನಾಗುತ್ತಿತ್ತು ಎಂದು ಪುಟ್ಟತಾಯಮ್ಮ ಕೇಳಿದಳು. ಒಂದು ದಿನವೂ ಒಂದು ಮೀನೂ ಮನೆಗೆ ಬಂದಿರಲಿಲ್ಲ.

"ವಾಪಸ್ ನೀರಿಗೇ ಬಿಡೋನು, ತಾಯಿ. ನನಗಂತೂ ಮೀನು ಬೇಡದ ವಸ್ತು, ಅವನು ಕೊಲ್ಲದೆ ಬಿಡ್ತಿದ್ದ ಅಂತಲೇ ಜೊತೆಗೆ ಹೋಗ್ತಿದ್ದೆ ಅಂತಿಟ್ಕೊಳ್ಳಿ. ನೀನಾದರೂ ತಗೊಂಡು ಹೋಗೋ ಅಂದ್ರೆ, ಇರೋದು ಒಂದು ಮೀನು, ಯಾವ ಮನೆಗೆ ಒಯ್ಯಲಿ ಅನ್ನೋನು."

ಹೊರಗೆ ಚಟ್ಟದ ಹಗ್ಗ ಬಿಗಿಯುವ ಸದ್ದು ಕೇಳಿಸುತ್ತಿತ್ತು. ಅಷ್ಟರಲ್ಲಿ ನಿಂಗಯ್ಯ ಬಂದು, ಹೊತ್ತಾಯಿತು, ಎತ್ತಬೇಕು ಎಂದ. ಕೋಲನ್ನು ಎತ್ತಿಕೊಂಡು, ಇದನ್ನೂ ಅಣ್ಣನ ಪಕ್ಕದಲ್ಲಿ ಇಟ್ಟು ಮಣ್ಣು ಮಾಡುವುದೋ ಎಂದು ಕೇಳಿದ.

"ಓಗ್ಲಿ ಬುಡಕ್ಕ," ಅಂದಳು ಭಾಗ್ಯಮ್ಮ. "ಅವ್ರಿಗೆ ಇಷ್ಟ ಇದ್ದುದು ಅದೊಂದೇ."

ಪುಟ್ಟತಾಯಮ್ಮ ಎದ್ದು ಮೈದುನನ ಕೈಯಿಂದ ಚೀಲವನ್ನು ಕಿತ್ತುಕೊಂಡಳು.

"ಅದಕ್ಕೇ ಬ್ಯಾಡ. ನಾವಿಬ್ರೂ ಇಲ್ಲೇ ಉಳ್ಕಂಡು ಇದೊಂದು ಅವ್ರ ಜೊತೇಲಿ ಓಗ್ಬೇಕಾ? ಇದೂ ಇಲ್ಲೇ ಬಿದ್ದಿರ್ಲಿ, ನಮ್ಮಂಗೇ."

ಹೆಣ ಎತ್ತಿದರು. ಹೆಂಗಸರು ಬೀದಿಯ ಕೊನೆಯವರೆಗೆ ಹೋಗಿ, ತಮಟೆಯ ಸದ್ದು ಕೇಳಿಸದಷ್ಟು ದೂರವಾದ ಮೇಲೆ ಹಿಂದಿರುಗಿದರು.

ಮನೆ ತೊಳೆದು, ಅವನ ತಲೆಯಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟು, ನೆರೆಯವರೆಲ್ಲ ಸ್ನಾನಕ್ಕೆಂದು ತಂತಮ್ಮ ಮನೆಗೆ ಹೋದರು. ಉಳಿದವರು ಇಬ್ಬರೇ, ಒದ್ದೆ ಕೂದಲಿನಲ್ಲಿ ಗೋಡೆಗೆ ಒರಗಿಕೊಂಡು. ಬೋಗಾದಿಗೆ ಹೋಗುವ ಜಟಕಾ ಸಿಗುತ್ತದೋ ಇಲ್ಲವೋ ಎಂದು ಭಾಗ್ಯಮ್ಮ ಕೇಳಲಿಲ್ಲ, ಯಾವಾಗ ಹೊರಡುವೆ ಎಂದು ಪುಟ್ಟತಾಯಮ್ಮನೂ ಕೇಳಲಿಲ್ಲ.

ಪುಟ್ಟತಾಯಮ್ಮ ಚೀಲದ ಬಾಯಿ ಬಿಚ್ಚಿ, ಕೋಲಿನ ಬುಡದ ತುಂಡನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. ಹಿಡಿದು ಹಿಡಿದು ಬೂಚು ಕಪ್ಪಗಾಗಿತ್ತು. ಮೇಲ್ಗಡೆ ಒಂದು ಕಡೆ ಸವೆದು ನುಣ್ಣನೆಯ ಕುಳಿ ಬಿದ್ದಿತ್ತು. ಅದು ಅವನ ಹೆಬ್ಬೆರಳು ಕೂತ ಜಾಗ. ಅವಳು ದೀಪದ ಬೆಳಕಿನಲ್ಲಿ ಸುತ್ತ ನೋಡಿದಳು. ಇಷ್ಟು ವರ್ಷ ಅವನು ಬಾಳಿದ ಈ ಮನೆಯಲ್ಲಿ ಅವನ ಕೈಯ ಗುರುತು ಹೀಗೆ ಬಿದ್ದ ಸಾಮಾನು ಇನ್ನೊಂದು ಕಾಣಲಿಲ್ಲ. ತನ್ನ ಹೆಬ್ಬೆರಳನ್ನು ಕುಳಿಯೊಳಗೆ ಇಟ್ಟಳು. ಬೆರಳು ಸಣ್ಣದಾಯಿತು, ಎರಡು ಕಡೆಯೂ ಜಾಗ ಉಳಿಯಿತು.

ಭಾಗ್ಯಮ್ಮ ನೆಲದ ಮೇಲೇ ಜರುಗಿ ಜರುಗಿ ಹತ್ತಿರ ಬಂದು ಕೈ ಚಾಚಿದಳು.

"ಒಸಿ ನಂಗೂ ಕೊಡಕ್ಕ."

"ತಡಿ," ಅಂದಳು ಪುಟ್ಟತಾಯಮ್ಮ, ಬೆರಳು ತೆಗೆಯದೆ.