ಟಾರು ರಸ್ತೆಯ ಕಣ

ಮೂರನೇ ಬೋಲ್ಟು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸುನಿಲ್‌ಕುಮಾರ್ ಕಾರಿನ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿ, ಸ್ಪ್ಯಾನರಿನ ತುದಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ, ಎರಡೂ ಕೈಯಲ್ಲಿ ಜಗ್ಗಿದ. ತುಕ್ಕಿನ ಪುಡಿ ಉದುರಿ ಕಣ್ಣಿಗೆ ಬಿತ್ತೇ ಹೊರತು ಬೋಲ್ಟು ಬಿಡಲಿಲ್ಲ. "ಥೂ, ನಿನ್ ಮನೆ ಹಾಳಾಗ!" ಎಂದ. ಬೈದದ್ದು ಬೋಲ್ಟನ್ನಲ್ಲ. ಪಕ್ಕದ ಮನೆಗೆ ಕೇಳಲಿ ಎಂದೇ ಗಂಟಲೇರಿಸಿದ್ದ.

ಗೋಡೆಯಾಚೆ ಅವನ ದೊಡ್ಡಮ್ಮ ಮುನಿಲಕ್ಷ್ಮಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಮೊರದ ಸದ್ದು ಒಂದು ಗಳಿಗೆ ನಿಂತು, ಮೊದಲಿಗಿಂತ ಜೋರಾಗಿ ಶುರುವಾಯಿತು.

ಇಬ್ಬರಿಗೂ ಮಾತು ನಿಂತು ಒಂದು ವಾರವಾಗಿತ್ತು. ದೇವನಹಳ್ಳಿ ಪಕ್ಕದ ವಿಜಯಪುರದ ಕಡೆಯಿಂದ ಊರಿಗೆ ತಿರುಗುವ ರಸ್ತೆಯಲ್ಲಿ ಮುನಿಲಕ್ಷ್ಮಮ್ಮ ಹುರುಳಿ ಹರಡಿದ್ದಳು. ಕಿತ್ತು ಒಣಗಿಸಿದ ಬಳ್ಳಿಯನ್ನು ಟಾರಿನ ಮೇಲೆ ಹಾಸಿಬಿಟ್ಟರೆ ಹೋಗಿ ಬರುವ ಗಾಡಿಗಳ ಚಕ್ರವೇ ಒಕ್ಕಿಕೊಡುತ್ತದೆ. ಸಂಜೆ ಹೊಟ್ಟು ತೂರಿ ಕಾಳು ಬಾಚಿಕೊಂಡರಾಯಿತು. ಆ ಸೀಮೆಯಲ್ಲಿ ಎಲ್ಲರೂ ಮಾಡುವುದೇ. ಏರ್‌ಪೋರ್ಟಿನ ಬೆಳಗಿನ ಬಾಡಿಗೆ ಮುಗಿಸಿ ಊಟಕ್ಕೆ ಬರುತ್ತಿದ್ದ ಸುನಿಲ ಅದರ ಮೇಲೆಯೇ ಕಾರು ಹಾಯಿಸಿದ. ಬಳ್ಳಿ ಅಡಿಗೆ ಸುತ್ತಿಕೊಂಡಿತು, ಕಾದು ಕೆಂಡವಾಗಿದ್ದ ಸೈಲೆನ್ಸರಿಗೆ ತಗುಲಿ ಹೊಗೆಯಾಡಿತು, ನೋಡನೋಡುತ್ತ ಹೊತ್ತಿಕೊಂಡಿತು. ದೊಡ್ಡಮ್ಮ ಕೊಡಗಟ್ಟಲೆ ನೀರು ತಂದು ಸುರಿದು ಆರಿಸಿದಳು.

ಕಾರೇನೋ ಉಳಿಯಿತು. ಆದರೆ ಮರುದಿನದಿಂದ ಒಂದು ಸಣ್ಣ ದಿಬ್ಬ ಏರುವುದಕ್ಕೂ ಏದುಸಿರು ಬಿಡತೊಡಗಿತು. ಅಡಿಯಲ್ಲಿ ಡಬ್ಬಿಯೊಳಗೆ ಕಲ್ಲು ಹಾಕಿ ಕುಲುಕಿದ ಹಾಗೆ ಸದ್ದು. ದೇವನಹಳ್ಳಿಯ ಗ್ಯಾರೇಜಿನವನು ಬಗ್ಗಿ ತಟ್ಟಿ ನೋಡಿ, "ಕನ್ವರ್ಟರ್ ಹೋಯ್ತು ಗುರು. ಬೆಂಕಿಯಿಂದ ಅಲ್ಲ. ಕೆಂಪಗೆ ಕಾದಿರೋದ್ರ ಮೇಲೆ ತಣ್ಣೀರು ಹುಯ್ದಿದ್ದೀರ, ಒಳಗಿರೋ ಪಿಂಗಾಣಿ ಚೂರುಚೂರಾಗೈತೆ" ಎಂದ. ಎಂಜಿನ್ನಿನ ಹೊಗೆ ಸೋಸುವ ಡಬ್ಬಿ ಅದು. ಅದು ಸರಿಯಿಲ್ಲದೆ ಹೊಗೆ ತಪಾಸಣೆಯಲ್ಲಿ ಪಾಸಾಗುವುದಿಲ್ಲ, ಪಾಸಾಗದ ಗಾಡಿಯನ್ನು ಟ್ಯಾಕ್ಸಿ ಕಂಪನಿ ಮುಟ್ಟುವುದಿಲ್ಲ. ಗ್ಯಾರೇಜಿನವನು ಮುಂದಿನ ವಾರ ನೋಡೋಣ ಎಂದ. ಕಂಪನಿಯವರು, ನಾಳೆ ಗಾಡಿ ಬರದಿದ್ದರೆ ನಿನ್ನ ಜಾಗಕ್ಕೆ ಬೇರೆಯವನನ್ನು ಹಾಕಿಕೊಳ್ಳುತ್ತೇವೆ ಎಂದರು. ಮದುವೆಗೆ ಮುಂಚೆ ಅದೇ ಗ್ಯಾರೇಜಿನಲ್ಲಿ ಸ್ಪ್ಯಾನರು ಹಿಡಿದು ಬೆಳೆದವನು ಸುನಿಲ. ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಗೆ ಹೋಗಿ ಹೊಸ ಕನ್ವರ್ಟರ್ ತಂದು, ಅಂಗಳದಲ್ಲಿ ಜಾಕಿ ಕೊಟ್ಟು, ಹಳೇ ಮನೆಯ ಸೈಜುಗಲ್ಲುಗಳನ್ನು ಕಾರಿನಡಿ ಇಟ್ಟು ತಾನೇ ಮಲಗಿದ.

ಮಲಗುವ ಮೊದಲು ಊರೆಲ್ಲ ಸಾರಿಕೊಂಡು ಬಂದಿದ್ದ. ಟೀ ಅಂಗಡಿಯಲ್ಲಿ, ಹಾಲಿನ ಡೇರಿಯ ಮುಂದೆ, ಎಲ್ಲ ಕಡೆಯೂ ಒಂದೇ ಮಾತು: "ನಮ್ ದೊಡ್ಡಮ್ಮ ನನ್ ಗಾಡೀನ ಎರಡೆರಡು ಸಲ ಕೊಂದ್ಲು. ಒಂದ್ಸಲ ಬೆಂಕಿ ಇಕ್ಕಿ, ಇನ್ನೊಂದ್ಸಲ ನೀರು ಹುಯ್ದು. ಗಾಡಿ ರಿಪೇರಿ ಆಗ್ಲಿ, ಸೀದಾ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ. ಅವ್ಳಿಗೂ ನಂಗೂ ಇನ್ನ ಮುಗೀತು." ಅವನ ತಾಯಿ ತೀರಿಹೋದಾಗ ಕೈತುತ್ತು ಹಾಕಿ ಸಾಕಿದವಳು ಇದೇ ದೊಡ್ಡಮ್ಮ. ಸಿಟ್ಟಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ?

ಸೀಮೆಎಣ್ಣೆ ಕುಡಿಸಿ ಕುಡಿಸಿ ಕೊನೆಗೆ ಬೋಲ್ಟು ಕಿರ್ರೆಂದು ತಿರುಗಿತು. ಹಳೆಯ ಡಬ್ಬಿ ದಢಾರನೆ ಎದೆಯ ಮೇಲೆಯೇ ಬಿತ್ತು. ಅದರ ಸಂದಿಯಿಂದ ಕಪ್ಪಗೆ ಸೀದ ಹುರುಳಿಕಾಳು ಅವನ ಕುತ್ತಿಗೆಗೆ, ಅಂಗಿಯೊಳಗೆ ಸುರಿಯಿತು. ಕಾಳು ಮೈಗೆ ಚುಚ್ಚಿದಾಗ ಅವನ ಕೋಪ ಮತ್ತೆ ನೆತ್ತಿಗೇರಿತು. ಹಳೇ ಡಬ್ಬಿಯನ್ನು ಕಾಲಲ್ಲಿ ಒದ್ದು ಆಚೆ ತಳ್ಳಿದ.

ಬಿಚ್ಚುವುದು ಕಷ್ಟವೆಂದುಕೊಂಡಿದ್ದ, ಕೂರಿಸುವುದು ಅದರ ಅಪ್ಪ. ಹೊಸದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬೋಲ್ಟು ಪೋಣಿಸಬೇಕು. ಎತ್ತಿದರೆ ತೂತು ಸೇರುವುದಿಲ್ಲ, ಸೇರಿತು ಅನ್ನುವಾಗ ಕೈ ಸೋತು ಜಾರುತ್ತದೆ. ಹೆಂಡತಿ ಸಿಂಚನ ಏರ್‌ಪೋರ್ಟಿನ ಕಾರ್ಗೋದಲ್ಲಿ ಡ್ಯೂಟಿಗೆ ಹೋಗಿದ್ದಳು. ಗೆಳೆಯ ಬೈರಣ್ಣನಿಗೆ ಫೋನು ಮಾಡಿದರೆ, "ಬೇಡಪ್ಪಾ, ನಿಮ್ ದೊಡ್ಡಮ್ಮನ ಕಣ್ಣಿಗೆ ಬಿದ್ರೆ ನನ್ನೂ ಹಾಕ್ಕೊಂಡು ಒಕ್ಕಿಬಿಡ್ತಾಳೆ" ಎಂದು ಇಟ್ಟುಬಿಟ್ಟ. ಮತ್ತೊಮ್ಮೆ ಎತ್ತಿದ, ಮತ್ತೊಮ್ಮೆ ಜಾರಿತು. ಈ ಸಲ ಬೆರಳು ಸಿಕ್ಕಿ ಉಗುರು ಕಪ್ಪಗಾಯಿತು. ನೋವಿಗಿಂತ ಸಿಟ್ಟಿಗೇ ಕಣ್ಣಲ್ಲಿ ನೀರು ಬಂತು.

ಆಗ ಕಾರಿನ ಪಕ್ಕದಲ್ಲಿ ಎರಡು ಪಾದಗಳು ಬಂದು ನಿಂತವು. ಬಿರುಕುಬಿಟ್ಟ ಹಿಮ್ಮಡಿ, ರಾಗಿಯ ದೂಳು. ಒಂದು ಕಲ್ಲು ಉರುಳಿ ಬಂತು, ಅದರ ಮೇಲಿಂದ ಒನಕೆಯೊಂದು ಕಾರಿನಡಿ ತೂರಿ ಬಂದು ಕನ್ವರ್ಟರಿನ ಹೊಟ್ಟೆಗೆ ತಾಗಿತು.

"ಎಲ್ಲೀಗಂಟ ಎತ್ಬೇಕೋ ಹೇಳು" ಎಂದಳು ಮುನಿಲಕ್ಷ್ಮಮ್ಮ.

"ನೀನ್ಯಾಕ್ ಬಂದೆ? ನಮ್ಮನೆ ಅಂಗಳ ತುಳೀಬೇಡ ಅಂದಿರ್ಲಿಲ್ವಾ?"

"ನಿನ್ ಮಖ ನೋಡಾಕೆ ಬರ್ಲಿಲ್ಲ ಕಣೋ. ಬೆಳಗ್ಗಿಂದ ನಿನ್ ಬಾಯಿ ಕೇಳಿ ಕೇಳಿ ಕಿವಿ ತೂತು ಬಿದ್ದೈತೆ. ಬೇಗ ಮುಗ್ಸಿ ಬಾಯಿ ಮುಚ್ಕೋ ಅಂತ ಬಂದೆ."

ಹೋಗು ಎನ್ನಬೇಕೆಂದು ಬಾಯಿ ತೆರೆದ. ಆದರೆ ನಾಳೆಯ ಡ್ಯೂಟಿ ಕಣ್ಣ ಮುಂದೆ ಬಂತು. "ಮೇಲೆ. ಇನ್ನೊಂಚೂರು. ಸಾಕು, ಸಾಕಂದ್ನಲ್ಲಾ!" ಎಂದು ಸಿಡುಕಿದ. ಒನಕೆ ಮೀಟಿದ ಡಬ್ಬಿ ಹದವಾಗಿ ಮೇಲೇರಿ ಪೈಪಿಗೆ ಸೇರಿತು. ಮೊದಲ ಬೋಲ್ಟು ಹಿಡಿಯಿತು. ಹಿಡಿದ ಧೈರ್ಯಕ್ಕೆ ನಾಲಿಗೆಯೂ ಉದ್ದವಾಯಿತು. "ತಣ್ಣೀರು ಹುಯ್ದು ಹಾಳ್ ಮಾಡ್ದೋಳು ನೀನೇ, ಈಗ ಉಪಕಾರ ಮಾಡಾಕೂ ನೀನೇ ಬಂದಿದ್ದೀಯ."

"'ದೊಡ್ಡಮ್ಮೋ ನೀರು ತತ್ತಾ, ನೀರು ತತ್ತಾ' ಅಂತ ಎದೆ ಬಡ್ಕೊಂಡೋನು ಯಾರ್ಲಾ? ಬೆಂಕಿ ಬಿದ್ದಾಗ ಬಿಸ್ನೀರು ಕಾಯಿಸ್ಕೊಂಡು ಬರ್ಬೇಕಿತ್ತಾ ನಾನು?"

ಆ ಮಾತನ್ನು ಅವನು ಟೀ ಅಂಗಡಿಯಲ್ಲಿ ಹೇಳಿರಲಿಲ್ಲ. ಎರಡನೇ ಬೋಲ್ಟನ್ನು ಪೋಣಿಸಿದ. ಆದರೂ ಸೋಲುವ ಮನಸ್ಸಾಗಲಿಲ್ಲ. "ನೀರಿನ ಮಾತು ಬಿಡು. ರಸ್ತೆ ಮೇಲೆ ಯಾಕ್ ಹಾಕ್ದೆ? ರಸ್ತೆ ಇರೋದು ಗಾಡಿ ಓಡಾಡಾಕೆ. ನಿನ್ ಹುರುಳಿ ಒಕ್ಕಾಕಲ್ಲ."

ಒನಕೆ ನಡುಗಿತು. ಅದನ್ನು ಕೈಬಿಟ್ಟರೆ ಇನ್ನೂ ಬಿಗಿಯದ ಡಬ್ಬಿ ತನ್ನ ಮುಖದ ಮೇಲೆಯೇ ಎಂಬುದು ಸುನಿಲನಿಗೆ ಆಗ ಹೊಳೆಯಿತು. ಅವಳು ಬಿಡಲಿಲ್ಲ.

"ಕಣ ಎಲ್ಲೈತೋ?" ಎಂದಳು. ಅಷ್ಟು ಹೊತ್ತಿನ ಗಟ್ಟಿ ದನಿ ಇಳಿದುಹೋಗಿತ್ತು. "ಹೇಳು. ಎಲ್ಲೈತೆ ಕಣ?"

ಎಲ್ಲಿದೆ ಎಂದು ಮಲಗಿದ್ದಲ್ಲಿಂದಲೇ ಅವನಿಗೆ ಕಾಣುತ್ತಿತ್ತು. ಎರಡೂ ಮನೆಗಳ ಹಿತ್ತಿಲಿಗೆ ಅಂಟಿಕೊಂಡು ಗೋಡೌನಿನ ಕಾಂಪೌಂಡು ಎದ್ದಿತ್ತು. ಎರಡೂ ಮನೆಯ ಹೆಂಗಸರು ಸಗಣಿ ಸಾರಿಸಿ, ಎರಡೂ ಮನೆಯ ಬೆಳೆ ಒಕ್ಕುತ್ತಿದ್ದ ಜಾಗ ಅದು. ಕಾಗದದಲ್ಲಿ ಮಾತ್ರ ಅವನ ಅಪ್ಪ ಅಪ್ಪಯ್ಯಣ್ಣನ ಹೆಸರಿತ್ತು. ಅಪ್ಪ ಹೋದ ಮೇಲೆ ಸುನಿಲ ಅದನ್ನು ಮಾರಿ ಈ ಕಾರು ತಂದ. ದೊಡ್ಡಮ್ಮ ಪಾಲು ಕೇಳಲಿಲ್ಲ, ಜಗಳ ಆಡಲಿಲ್ಲ. ಕಾರಿಗೆ ಪೂಜೆ ಮಾಡಿ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದಾಗ ಪಕ್ಕದಲ್ಲಿ ನಿಂತು ಒಂದೇ ಮಾತು ಕೇಳಿದ್ದಳು, ಇನ್ನು ಮೇಲೆ ಒಕ್ಕೋದೆಲ್ಲಪ್ಪಾ ಅಂತ.

"ಆವತ್ತು ನೀನು ಏನಂದೆ?"

"ಬಿಡು ದೊಡ್ಡಮ್ಮ."

"ಯಾಕ್ ಬಿಡ್ಲಿ? 'ಟಾರು ರೋಡು ಬಂದೈತಲ್ಲ ದೊಡ್ಡಮ್ಮ, ಅದ್ರ ಮೇಲೆ ಹಾಕು. ದಿನಾ ಓಡಾಡ್ತಿರ್ತೀನಿ, ನನ್ ಕಾರೇ ನಿನ್ ಒಕ್ಕೋ ರೋಣಗಲ್ಲು ಅನ್ಕೋ' ಅಂದೆ. ಎಲ್ರೂ ನಕ್ರು. ನಾನೂ ನಕ್ಕೆ." ಅವಳು ಉಸಿರು ಎಳೆದುಕೊಂಡಳು. "ಸುಟ್ಟಿದ್ದು ನಿನ್ ಡಬ್ಬಿ ಒಂದೇ ಅಲ್ಲ ಕಣ್ಲಾ. ನನ್ ಅರ್ಧ ವರ್ಷದ ಸಾರು ಸುಟ್ಟೋಯ್ತು. ನೀನು ಊರೆಲ್ಲ ಡಂಗುರ ಹೊಡ್ದೆ. ಮುದುಕಿ ಹುರುಳಿ ಏನಾಯ್ತು ಅಂತ ಒಬ್ನಾದ್ರೂ ಕೇಳಿದ್ನಾ? ನೀನ್ ಕೇಳಿದ್ಯಾ?"

ಸುನಿಲ ಮೂರನೇ ಬೋಲ್ಟು ಬಿಗಿಗೊಳಿಸಿದ. ಸಾಕಷ್ಟು ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದ. ಸಿಟ್ಟು ಹಾಗೇ ಇತ್ತು. ಇಷ್ಟು ದಿನ ಗೋಡೆಯಾಚೆಗೆ ಬೀಸುತ್ತಿದ್ದದ್ದು ಈಗ ತನ್ನ ಎದೆಗೇ ತಿರುಗಿ ನಿಂತಿತ್ತು. ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಬಿಗಿ ಆಯ್ತಾ?"

"ಆಯ್ತು."

ಒನಕೆ ಸರಕ್ಕನೆ ಆಚೆಗೆ ಹೋಯಿತು. "ಸ್ಟೇಷನ್‌ಗೆ ಹೋಗೋದಾದ್ರೆ ಹೋಗು. ಇನ್ನೂ ಅರ್ಧ ಹುರುಳಿ ಒಕ್ದೇನೇ ಬಿದ್ದೈತೆ. ನಾಳೆ ಅಲ್ಲೇ ಹಾಕ್ತೀನಿ. ಯಾರು ಬರ್ತಾರೋ ಬರ್ಲಿ." ಪಾದಗಳು ಹೊರಟುಹೋದವು.

ಸಂಜೆ ಎಂಜಿನ್ನು ಚಾಲೂ ಮಾಡಿದ. ಕುಲುಕುವ ಸದ್ದಿಲ್ಲ, ಏದುಸಿರಿಲ್ಲ. ಖುಷಿಯಾಗಬೇಕಿತ್ತು. ಆಫ್ ಮಾಡಿ ಪಕ್ಕದ ಮನೆಯತ್ತ ಕಿವಿಗೊಟ್ಟ. ಗೋಡೆಯಾಚೆ ಮೊರದ ಸದ್ದೂ ಇರಲಿಲ್ಲ.

ಮರುದಿನ ಬಿಸಿಲೇರಿದ ಮೇಲೆ ಬಿಳಿ ಯೂನಿಫಾರ್ಮು ತೊಟ್ಟು ಹೊರಟ. ಮೊದಲು ಹೊಗೆ ತಪಾಸಣೆ, ಆಮೇಲೆ ಏರ್‌ಪೋರ್ಟು. ತಿರುವಿನಲ್ಲಿ ಮುನಿಲಕ್ಷ್ಮಮ್ಮ ಹೇಳಿದಂತೆಯೇ ಮಾಡಿದ್ದಳು. ಆಚೆ ಅಂಚಿನಿಂದ ಈಚೆ ಅಂಚಿಗೆ ರಸ್ತೆ ತುಂಬ ಹುರುಳಿ. ಹುಣಸೆಮರದ ಬುಡದಲ್ಲಿ ಕವೆಗೋಲು ಹಿಡಿದು ಕೂತಿದ್ದಳು. ಪಕ್ಕದಲ್ಲಿ ನೀರು ತುಂಬಿದ ಎರಡು ಕೊಡಗಳಿದ್ದವು. ಕಾರು ನಿಂತರೂ ಏಳಲಿಲ್ಲ, ಮುಖ ತಿರುಗಿಸಿಕೊಂಡಳು.

ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಕಂಪನಿಯದೇ ಇರಬೇಕು. ಸುನಿಲ ಇಳಿದು ಬಂದು ಅವಳ ಕೈಯಿಂದ ಕವೆಗೋಲು ತೆಗೆದುಕೊಂಡ. ಬಳ್ಳಿಯನ್ನು ಎರಡೂ ಬದಿಗೆ ಸರಿಸಿ ಕಾರಿಗೆ ದಾರಿ ಮಾಡಿದ. ಕಾರು ದಾಟಿಸಿ ಆಚೆ ನಿಲ್ಲಿಸಿ, ಮತ್ತೆ ನಡೆದು ಬಂದು, ಸರಿಸಿದ್ದನ್ನೆಲ್ಲ ಮೊದಲಿನ ಹಾಗೆ ಎಳೆದು ಹರಡಿದ. ಬಿಳಿ ಪ್ಯಾಂಟಿನ ಮೊಣಕಾಲತನಕ ಹೊಟ್ಟು ಅಂಟಿತು.

"ಗುಡ್ಡೆ ಹಾಕ್ಬೇಡ. ತೆಳ್ಳಗೆ ಹರವು" ಎಂದಳು ಅವಳು, ಇನ್ನೂ ಮುಖ ಆಚೆಗೇ ಇತ್ತು.

ಅವನು ತೆಳ್ಳಗೆ ಹರವಿದ. ಹೋಗಿ ಕಾರಿನಲ್ಲಿ ಕೂತು ಕೀಲಿ ತಿರುಗಿಸುವಷ್ಟರಲ್ಲಿ ಅವಳು ಎದ್ದು ಬರುವುದು ಪಕ್ಕದ ಕನ್ನಡಿಯಲ್ಲಿ ಕಂಡಿತು. ಕೀಲಿ ಬಿಟ್ಟು ಕಾದ. ಮುನಿಲಕ್ಷ್ಮಮ್ಮ ಸೊಂಟಕ್ಕೆ ಕೈ ಕೊಟ್ಟು ಬಗ್ಗಿ, ಕಾರಿನ ಅಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕವೆಗೋಲು ಚಾಚಿ ಎಲ್ಲೋ ಸಿಕ್ಕಿಕೊಂಡಿದ್ದ ಒಂದೇ ಒಂದು ಬಳ್ಳಿಯ ಎಳೆಯನ್ನು ಹೊರಗೆಳೆದು ಹಾಕಿ, ಕಾರಿನ ಬೆನ್ನಿಗೆ ಕೈಯಿಂದ ಎರಡು ಸಲ ತಟ್ಟಿದಳು.