ಸವೆದ ಬೆಳ್ಳಿ

ನಾನು ಮೇಣದಬತ್ತಿ ನಿಲ್ಲಿಸುವ ಒಂದು ಬೆಳ್ಳಿಯ ಕಂಬ. ಜರ್ಮನಿಯ ಔಗ್ಸ್‌ಬರ್ಗ್ ಪಟ್ಟಣದ ಅಕ್ಕಸಾಲಿಗನೊಬ್ಬ ನನ್ನನ್ನೂ ನನ್ನ ಜೋಡಿಯನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದನು. ಮಾಡಿಸಿದವನು ಅಲ್ಲಿನ ಒಬ್ಬ ಸಣ್ಣ ದೊರೆ. ಅವನ ಮನೆತನದ ಲಾಂಛನವಾದ, ಎದ್ದು ನಿಂತ ಕರಡಿಯನ್ನು ನಮ್ಮ ಪಾದದ ಮೇಲೆ ಕೊರೆಯಲಾಯಿತು. ಅವನ ಮೊಮ್ಮಗನ ಕಾಲಕ್ಕೆ ರಾಜ್ಯ ಹೋಯಿತು. ಮೊಮ್ಮಗ ನಮ್ಮನ್ನು ಹುಲ್ಲಿನಲ್ಲಿ ಸುತ್ತಿ ಹರಾಜಿಗೆ ಕಳುಹಿಸಿದನು. ಪೆಟ್ಟಿಗೆ ಮುಚ್ಚುವಾಗ ನಮ್ಮ ಕಡೆ ನೋಡಲಿಲ್ಲ.

ಪೆಟ್ಟಿಗೆ ಮತ್ತೆ ತೆರೆದದ್ದು ಘಟಪ್ರಭೆಯ ದಂಡೆಯ ಒಂದು ಚಿಕ್ಕ ಸಂಸ್ಥಾನದ ಅರಮನೆಯಲ್ಲಿ. ರಾಣಿ ಸಗುಣಾಬಾಯಿಸಾಹೇಬರು ನಮ್ಮನ್ನು ಊಟದ ಮೇಜಿನ ಮೇಲೆ ನಿಲ್ಲಿಸಿದರು. ನಮ್ಮನ್ನು ಉಜ್ಜುವ ಕೆಲಸ ಅರಮನೆಯ ಕೆಲಸದಾಕೆ ತಂಗೆವ್ವನದು. ಹುಣಸೆಹಣ್ಣು, ಜರಡಿ ಹಿಡಿದ ಬೂದಿ, ಹಳೆಯ ಧೋತರದ ಚೂರು. ಅವಳ ಸಲಕರಣೆ ಇಷ್ಟೆ. ಕೈ ಒರಟಾದರೂ ಒತ್ತುವುದು ಹಗುರವಾಗಿ. ಉಜ್ಜುತ್ತ ಕರಡಿಯೊಡನೆ ಮಾತನಾಡುವಳು:

"ಏನಪಾ, ಯಾವಾಗ ನೋಡಿದ್ರೂ ನಿಂತೇ ಇರ್ತಿ. ಕುಂದರಾಕ ನಿಮ್ಮೂರಾಗ ಚಾಪಿ ಇಲ್ಲೇನು?"

ಒಂದು ಔತಣದಲ್ಲಿ ನೆರೆಯ ಸಂಸ್ಥಾನದ ರಾಣಿ ಕರಡಿಯನ್ನು ಬೆರಳಿನಿಂದ ಮುಟ್ಟಿ ನಕ್ಕರು.

"ಇದು ಯಾರ ಮನೀ ಗುರುತು, ಅಕ್ಕಾಸಾಹೇಬ? ನಿಮ್ಮದು ನವಿಲಲ್ಲೇನು? ಮಂದಿ ಬಿಟ್ಟ ಸಾಮಾನಂತ ಕಾಣ್ತದ."

ಮರುದಿನ ಸಗುಣಾಬಾಯಿಸಾಹೇಬರು ತಂಗೆವ್ವನೊಬ್ಬಳನ್ನೇ ಕರೆದರು.

"ಇಟ್ಟಂಗಿ ಪುಡಿ ಹಾಕಿ ತಿಕ್ಕು. ಈ ಕರಡಿ ಕಾಣಬಾರದು. ಯಾರ ಮುಂದೂ ಹೇಳಬ್ಯಾಡ."

"ಬೆಳ್ಳಿ ಸವೀತೈತ್ರೀ, ಬಾಯಿಸಾಹೇಬ್ರ."

"ಸವೀಲಿ. ನಾ ಇದ್ದೀನಲ್ಲ."

ಮಳೆಗಾಲವಿಡೀ ತಂಗೆವ್ವ ತಿಕ್ಕಿದಳು. ಕರಡಿ ಮೊದಲು ಕಣ್ಣು ಕಳೆದುಕೊಂಡಿತು, ಆಮೇಲೆ ಉಗುರು, ಕೊನೆಗೆ ಎಲ್ಲವನ್ನೂ. ಇಟ್ಟಿಗೆಯ ಪುಡಿಯೊಡನೆ ನನ್ನ ಮೈಯೂ ಬಚ್ಚಲಿಗೆ ಹರಿಯಿತು.

ದಸರೆಗೆ ಮುಂಚೆ ಅರಮನೆಯ ಬೆಳ್ಳಿಯನ್ನೆಲ್ಲ ತೂಗುವುದು ಆ ಮನೆಯ ಪದ್ಧತಿ. ಕಾರಭಾರಿ ರಾಘೋಪಂತರು ಒಂದು ತಟ್ಟೆಯಲ್ಲಿ ಹಿಂದಿನ ವರ್ಷದಷ್ಟೇ ತೂಕದ ಬಟ್ಟುಗಳನ್ನಿಟ್ಟು, ಇನ್ನೊಂದರಲ್ಲಿ ನನ್ನನ್ನು ಇಟ್ಟರು. ನನ್ನ ತಟ್ಟೆ ಮೇಲಕ್ಕೆ ಹೋಯಿತು. ಜೋಡಿಯದೂ ಹಾಗೆಯೇ ಆಯಿತು.

"ಕಮ್ಮಿ ಅದ. ಗುರುತೂ ಇಲ್ಲ. ಬೆಳ್ಳಿ ಕೆರಕೊಂಡು ಮಾರೀಯೇನು, ತಂಗೆವ್ವಾ?" ಎಂದರು ಪಂತರು.

ಬಾಗಿಲಲ್ಲಿ ರಾಣಿ ನಿಂತಿದ್ದರು. ತಂಗೆವ್ವ ಅತ್ತ ತಿರುಗಿದಳು.

"ನೀವಾರ ಹೇಳ್ರೀ, ಬಾಯಿಸಾಹೇಬ್ರ."

ಒಂದು ಮಾತು ಸಾಕಾಗಿತ್ತು.

"ನಾ ಏನ್ ಹೇಳ್ಲಿ?" ಎಂದರು ರಾಣಿ. "ಸಾಮಾನು ನಿನ್ನ ಕೈಯಾಗಿತ್ತು."

ತಂಗೆವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಆತ್ರೀ" ಎಂದಳು. ಹೊರಟುಹೋದಳು. ಆಮೇಲೆ ಆ ಊರಿನಲ್ಲಿ ಯಾರೂ ಅವಳನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲವೆಂದು ಅಡುಗೆಯವರು ಮಾತನಾಡಿಕೊಳ್ಳುತ್ತಿದ್ದರು.

ದಸರೆಯ ಹೊತ್ತಿಗೆ ನನ್ನ ಪಾದದ ಮೇಲೆ ನವಿಲು ಬಂದಿತ್ತು. ಅತಿಥಿಗಳು ಹೊಗಳಿದಾಗ ರಾಣಿ, "ನಮ್ಮ ಅತ್ತೀಯವರ ಕಾಲದ್ದು" ಎಂದರು. ತಾವೇ ಬತ್ತಿ ಹೊತ್ತಿಸಿದರು.

ಈಗ ಸಂಸ್ಥಾನವಿಲ್ಲ. ಯಾರದೋ ಮನೆಯ ಗಾಜಿನ ಕಪಾಟಿನಲ್ಲಿ, ಉಜ್ಜುವವರಿಲ್ಲದೆ, ಜೋಡಿಯೊಡನೆ ಕಪ್ಪಾಗಿ ನಿಂತಿದ್ದೇನೆ. ದೊರೆಯ ಮೊಮ್ಮಗನನ್ನು ನಾನು ಕ್ಷಮಿಸಬಲ್ಲೆ. ಅವನು ಮಾರಿದ್ದು ನಮ್ಮನ್ನು ಮಾತ್ರ. ರಾಣಿಯನ್ನು ಕ್ಷಮಿಸಲಾರೆ. ಆ ದಿನ ತಕ್ಕಡಿ ಸುಳ್ಳು ಹೇಳಲಿಲ್ಲ. ನಾನು ಕಡಿಮೆಯಾಗಿದ್ದದ್ದು ನಿಜ. ಆ ನಿಜವನ್ನೇ ಮುಂದಿಟ್ಟುಕೊಂಡು ಅವರು ತಂಗೆವ್ವನನ್ನು ಕಳ್ಳಿ ಮಾಡಿದರು.